ಮನೆಗಳಿಗೆ ಪ್ಲಾಸ್ಟಿಕ್ಕು ಹೊದಿಸಿದ ಕಾಕಾ

ಯಾರ ಮನೆಗೆ ಬಂದರೂ ಅವರು ಮೊದಲು ಬೆಲ್ಲು ಒತ್ತುತ್ತಿರಲಿಲ್ಲ. ಬಾಗಿಲ ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು, ಕಿವಿಗೊಟ್ಟು ಕೇಳುತ್ತಿದ್ದರು, ಒಂದು ಹೆಜ್ಜೆ ಸರಿದು ಮತ್ತೆರಡು ಸಲ ತಟ್ಟುತ್ತಿದ್ದರು. ಅಷ್ಟರಲ್ಲಿ ಒಳಗಿದ್ದ ನಾವೇ ಬಾಗಿಲು ತೆರೆದಿರುತ್ತಿದ್ದೆವು. ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಆರಿಸುವವರ ಗಾಂಭೀರ್ಯ ಅವರ ಮುಖದಲ್ಲಿ. "ಒಳಗ ಛಲೋ ಕಟಗಿ ಅದ" ಎನ್ನುವರು, ಇಲ್ಲವೇ "ಈ ಮೂಲ್ಯಾಗ ಗೆದ್ದಲ ಕೂತಾವ ನೋಡ್ರಿ" ಎನ್ನುವರು. ನಮಸ್ಕಾರ, ಹೇಗಿದ್ದೀರಿ ಎಲ್ಲ ಆಮೇಲೆ.

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬೇ ಏರಿಯಾದ ಕನ್ನಡಿಗರಲ್ಲಿ ಅರ್ಧ ಜನ ಅವರ ಸ್ಯಾಂಪಲ್ ಪೆಟ್ಟಿಗೆಯಿಂದ ತಪ್ಪಿಸಿಕೊಳ್ಳಲು ಒಂದಲ್ಲ ಒಂದು ಸಲ ಬಾತ್‌ರೂಮಿನಲ್ಲಿ ಅಡಗಿದವರು. ಅವರಿಗೆಲ್ಲ ಈಗ ಮುಜುಗರವಾಗುವುದು ಬೇಡ. ಧಾರವಾಡದ ಕಡೆಯವರು. ಮೈಸೂರಿನವಳಾದ ನಾನು ಮೊದಲ ದಿನ ಅಭ್ಯಾಸಬಲದಿಂದ ಅಂಕಲ್ ಎಂದೆ.

"ಅಂಕಲ್ ಅಂದ್ರ ಯಾವನೋ ಸೇಲ್ಸ್‌ಮನ್ ಬಂದಾನ ಅನಸ್ತದವಾ. ಕಾಕಾ ಅನ್ನು" ಎಂದರು.

ಅವರು ಸೇಲ್ಸ್‌ಮನ್ನೇ ಆಗಿದ್ದರು ಎನ್ನುವುದು ಬೇರೆ ಮಾತು.

ಅವರು ಮಾರುತ್ತಿದ್ದದ್ದು ಸೈಡಿಂಗು. ಎಂದರೆ, ಮನೆಯ ಹೊರಗೋಡೆಗೆ ಸೂರಿನಿಂದ ನೆಲದವರೆಗೆ ಹೊದಿಸುವ ವಿನೈಲಿನ ಉದ್ದುದ್ದ ಪಟ್ಟಿಗಳು. ಒಂದರ ಮೇಲೊಂದು ಕೊಕ್ಕೆ ಹಾಕಿಕೊಂಡು ಕೂರುತ್ತವೆ. ಮರದ ಗೆರೆಗಳನ್ನು ಕೂಡ ಅಚ್ಚೊತ್ತಿರುತ್ತಾರೆ, ನೋಡುವವರು ಹಲಗೆ ಎಂದು ನಂಬಲಿ ಅಂತ. ದೂರದಿಂದ ಹಲಗೆ, ಹತ್ತಿರದಿಂದ ಬಕೆಟ್ಟು.

ಎಂಬತ್ತೆರಡರಲ್ಲಿ ನಾವು ಓಕ್ಲೆಂಡಿನಲ್ಲಿ ಮನೆ ಕೊಂಡೆವು. ಸ್ನೇಹಿತರೆಲ್ಲ ಸರಟೋಗಾ, ಡ್ಯಾನ್‌ವಿಲ್ ಎಂದು ಹೊಸ ಮನೆಗಳ ಕಡೆ ಹೊರಟಿದ್ದ ಕಾಲ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಲ್ಯಾಬು ಓಕ್ಲೆಂಡಿನಲ್ಲಿತ್ತು, ನನಗೆ ಫ್ರೀವೇಯಲ್ಲಿ ಕಾರು ಓಡಿಸಲು ಹೆದರಿಕೆ, ಹಾಗಾಗಿ ಊರೊಳಗಿನ ಈ ಹಳೆಯ ಮರದ ಮನೆ. ಕಿಟಕಿಗಳ ಮೇಲೆ ಕೆತ್ತಿದ ಹೂಬಳ್ಳಿ, ಸೂರಿನ ಕೆಳಗೆ ಸಾಲಾಗಿ ಬಾಗಿದ ಮರದ ಕೈಗಳು, ಮೇಲಂತಸ್ತಿನ ಗೋಡೆಗೆ ಮೀನಿನ ಹುರುಪೆಯಂತೆ ಜೋಡಿಸಿದ ಪುಟ್ಟ ಪುಟ್ಟ ಹಲಗೆಗಳು. ಈಗ ಇದನ್ನೆಲ್ಲ ಬಾಯಿ ಚಪ್ಪರಿಸಿಕೊಂಡು ವರ್ಣಿಸುತ್ತಿದ್ದೇನೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಒಂದೇ, ಎಲ್ಲೆಲ್ಲೂ ಚಕ್ಕೆ ಎದ್ದ ಬಣ್ಣ. ಇಂಥ ಹಳೇ ಮನೆಯ ಫೋಟೋ ಮೈಸೂರಿಗೆ ಕಳಿಸುವುದು ಹೇಗೆ ಎಂದು ಮೂರು ತಿಂಗಳು ಒಳಗಿನ ಕೋಣೆಗಳ ಫೋಟೋ ಮಾತ್ರ ಕಳಿಸಿದೆ.

ಅಂಥ ಹೊತ್ತಿನಲ್ಲಿ ಕಾಕಾ ಬಂದು ಗೋಡೆ ತಟ್ಟಿದರು. ಬೂದು ಸ್ವೆಟರು, ಅದರ ಮೇಲೆ ಟೈ. ಹೌದು, ಸ್ವೆಟರಿನ ಮೇಲೆ. ಸ್ವೆಟರಿನ ಒಳಗೆ ಹಾಕಿಕೊಂಡರೆ ಟೈ ಕಟ್ಟಿದ್ದು ಜನಕ್ಕೆ ಗೊತ್ತಾಗುವುದು ಹೇಗೆ ಎನ್ನುವುದು ಅವರ ವಾದ. ಕೆಳಗೆ ಬಿಳಿ ಕ್ಯಾನ್ವಾಸ್ ಶೂಸು. ರಸ್ತೆಯಲ್ಲಿ ಅವರ ಸ್ಟೇಷನ್ ವ್ಯಾಗನ್ನು, ಅದರ ತಲೆಯ ಮೇಲೆ ಒಂದು ನಿಚ್ಚಣಿಕೆ.

ಸ್ಯಾಂಪಲ್ ತುಂಡೊಂದನ್ನು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, "ಸಾರು ಅದ ಏನವಾ?" ಎಂದರು. ಊಟ ಕೇಳುತ್ತಿದ್ದಾರೆಂದು ತಟ್ಟೆ ತೆಗೆಯಲು ಹೋದೆ. ಅವರು ಸೌಟಿನಲ್ಲಿ ಸಾರು ತೆಗೆದು ಸ್ಯಾಂಪಲ್ಲಿನ ಮೇಲೆ ಸುರಿದು, ಐದು ನಿಮಿಷ ಮೈಸೂರಿನ ವಿಷಯ ಮಾತಾಡಿ, ಆಮೇಲೆ ಕರ್ಚೀಫಿನಿಂದ ಒರೆಸಿ ತೋರಿಸಿದರು. "ನೋಡು. ಅರಿಶಿಣದ ಕಲಿ ಅದ ಏನು? ನಿನ್ನ ಸೀರಿಗೆ ಬಿದ್ದಿದ್ರ ಹೋಗ್ತಿತ್ತೇನು?"

ಹೋಗುತ್ತಿರಲಿಲ್ಲ. ನಾನು ಅಲ್ಲೇ ಸೋತೆ. ಹೊಸ ಕುರ್ಚಿ ತಂದರೆ ಅದರ ಪ್ಲಾಸ್ಟಿಕ್ಕು ತೆಗೆಯದ ಜನ ನಾವು. ಸೂಟ್‌ಕೇಸಿಗೆ ಕವರು, ಆ ಕವರಿಗೆ ಇನ್ನೊಂದು ಕವರು. ಇಡೀ ಮನೆಗೇ ಪ್ಲಾಸ್ಟಿಕ್ಕು ಸಿಗುತ್ತದೆ ಎಂದರೆ ಕೇಳಬೇಕೆ?

ನನ್ನ ಗಂಡ ಎಲೆಕ್ಟ್ರಾನಿಕ್ಸ್ ಎಂಜಿನಿಯರು, ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ. "ಗ್ಯಾರಂಟಿ ಎಷ್ಟು ವರ್ಷ?" ಎಂದು ಕೇಳಿದರು.

"ಕಂಪನಿ ಗ್ಯಾರಂಟಿ ಕಾಗದದಾಗ ಅದ ತಮ್ಮಾ, ಓದಿಕೋ. ನನ್ನ ಗ್ಯಾರಂಟಿ ಬ್ಯಾರೆ. ನಾ ಇರೋತನಕಾ ಈ ಗೋಡಿ ನಿಮ್ಮ ಮನಸಿಗೆ ಬರಲಿಲ್ಲಂದ್ರ ಒಂದು ಫೋನ್ ಮಾಡ್ರಿ. ನಿಚ್ಚಣಿಕಿ ತೊಗೊಂಡು ಬರ್ತೀನಿ."

ಇಂಥ ಮಾತು ಆಡದ ಸೇಲ್ಸ್‌ಮನ್ ಉಂಟೆ? ನಾವು ಸಹಿ ಹಾಕಿದೆವು.

ಕೆಲಸ ನಡೆದದ್ದು ನಾಲ್ಕು ದಿನ. ಎರಡನೆಯ ದಿನ ಲ್ಯಾಬಿನಿಂದ ಬೇಗ ಬಂದೆ. ಗರಗಸದ ಸದ್ದು. ಮೇಲೆ ಕೂತ ಕೆಲಸಗಾರನೊಬ್ಬ ಸೂರಿನ ಕೆಳಗಿನ ಬಾಗಿದ ಕೈಗಳನ್ನು ಒಂದೊಂದಾಗಿ ಕೊಯ್ದು ಕೆಳಗೆ ಬಿಸಾಡುತ್ತಿದ್ದ.

"ಅದನ್ಯಾಕೆ ಕಟ್ ಮಾಡ್ತಿದಾರೆ ಕಾಕಾ?"

"ಚಾಚಿಕೊಂಡಿದ್ದನ್ನ ತಗೀದಿದ್ರ ಪಟ್ಟಿ ಸಪಾಟಾಗಿ ಕೂಡಂಗಿಲ್ಲವಾ" ಎಂದರು. ಯಾವಾಗಲೂ ಮುಖಕ್ಕೆ ಮುಖ ಕೊಟ್ಟು ಮಾತಾಡುವವರು, ಆ ಮಾತನ್ನು ಮಾತ್ರ ನೆಲ ನೋಡುತ್ತ ಹೇಳಿದರು. ನಾನು ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದೆ. ಗರಗಸ ನಿಲ್ಲಿಸಿ ಎನ್ನಬಹುದಿತ್ತು. ನನಗೆ ಹಾಗನ್ನಿಸಲೇ ಇಲ್ಲ, ಸುಳ್ಳು ಯಾಕೆ ಹೇಳಲಿ?

ಮನೆ ಮುಗಿದಾಗ ನಯವಾಗಿ, ಒಂದೇ ಸಮನಾಗಿ, ಕಡಲೆಹಿಟ್ಟಿನ ಬಣ್ಣದಲ್ಲಿ ನಿಂತಿತು. ಕಡಲೆಹಿಟ್ಟು ಎನ್ನುವುದು ಕಾಕಾ ಕೊಟ್ಟ ಹೆಸರು. ಕಂಪನಿಯ ಕ್ಯಾಟಲಾಗಿನಲ್ಲಿ ಮರಳುಗಾಡು, ಸೂರ್ಯೋದಯ, ಕಡಲ ನೊರೆ ಎಂದೆಲ್ಲ ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಹೆಸರುಗಳಿದ್ದವು. ನಮ್ಮವರಿಗೆ ಅದೆಲ್ಲ ತಿಳಿಯುವುದಿಲ್ಲವೆಂದು ಅವರು ಪೇಢೆ, ಹೆಸರುಬೇಳೆ, ಕಡಲೆಹಿಟ್ಟು, ನಿನ್ನೆಯ ಅನ್ನ ಎಂದು ನಾಲ್ಕು ಹೆಸರಿಟ್ಟುಕೊಂಡಿದ್ದರು. ನಾನು ಮುಂದೆ ನಿಂತು ಫೋಟೋ ತೆಗೆಸಿ ಮೈಸೂರಿಗೆ ಕಳಿಸಿದೆ. ಮನೆ ಬಹಳ ಚೊಕ್ಕಟವಾಗಿದೆ ಎಂದು ಅಮ್ಮ ಬರೆದಳು. ನೆರೆಹೊರೆಯವರಿಗೂ ತೋರಿಸಿದಳಂತೆ.

ಆಮೇಲೆ ಕಾಕಾ ನಮ್ಮ ಮನೆಯವರೇ ಆಗಿಬಿಟ್ಟರು. ಕಾಫಿಪುಡಿಯ ಖಾಲಿ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತರುತ್ತಿದ್ದರು, ತಾವೇ ಕುಟ್ಟಿದ್ದು. ಹೆಂಡತಿ ಊರಿನಲ್ಲೇ ತೀರಿಕೊಂಡಿದ್ದರು. ಎಂಟು ವರ್ಷದ ಮಗಳ ಕೈ ಹಿಡಿದು ಇಲ್ಲಿಗೆ ಬಂದವರು. ಅಲ್ಲಿ ಪಿಡಬ್ಲ್ಯುಡಿಯಲ್ಲಿ ಓವರ್ಸಿಯರ್ ಆಗಿದ್ದರು. ಸೇತುವೆ ಕಟ್ಟಿಸಿದ್ದಾರೆ, ಹಳೆಯ ಪ್ರವಾಸಿ ಬಂಗಲೆಯೊಂದನ್ನು ಕಲ್ಲು ಕಲ್ಲು ಬಿಚ್ಚಿಸಿ ಇನ್ನೊಂದು ಕಡೆ ಹಾಗೆಯೇ ನಿಲ್ಲಿಸಿದ್ದಾರೆ. ಇಲ್ಲಿ ಅದನ್ನು ಯಾರು ಕೇಳಬೇಕು? ಸಿಕ್ಕಿದ್ದು ಈ ಕೆಲಸ. ಅದನ್ನು ಹೇಳುವಾಗ ಅವರಿಗೆ ಬೇಸರವಿದ್ದಂತೆ ಕಾಣುತ್ತಿರಲಿಲ್ಲ. "ಮೊದಲು ಮನಿ ಕಟ್ಟತಿದ್ದೆ, ಈಗ ಮನಿಗೆ ಅಂಗಿ ಹೊಲೀತೀನಿ" ಎಂದು ನಗುತ್ತಿದ್ದರು.

ಮಗಳು ಆಗ ಹೈಸ್ಕೂಲು. ಅಪ್ಪ ಯಾರದೋ ಮನೆಯಲ್ಲಿ ಸಾರು ಸುರಿಯುತ್ತಿದ್ದರೆ ಅವಳು ಸ್ಟೇಷನ್ ವ್ಯಾಗನ್ನಿನ ಹಿಂದಿನ ಸೀಟಿನಲ್ಲಿ ಹೋಂವರ್ಕು ಮಾಡುತ್ತ ಕೂತಿರುವಳು. ಅವರು ಅವಳೊಂದಿಗೆ ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ, ಅವಳು ಇಂಗ್ಲಿಷ್ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಇಬ್ಬರೂ ಗೆದ್ದದ್ದು ತಾವೇ ಎಂದುಕೊಂಡಿದ್ದರು.

ಸರಟೋಗಾದಲ್ಲಿ ಯುಗಾದಿಯ ಊಟಕ್ಕೆ ಸೇರಿದರೆ ಕಾಕಾ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗೋಡೆಗಳನ್ನು ತಟ್ಟಿ ಬರುತ್ತಿದ್ದರು. ಅಲ್ಲಿನವು ಗಾರೆಯ ಗೋಡೆಗಳು. "ಇದಕ್ಕ ನಾ ಏನೂ ಮಾಡಂಗಿಲ್ಲ" ಎಂದು, ರೋಗಿ ಕೈಮೀರಿದ ಡಾಕ್ಟರಂತೆ ನಿಟ್ಟುಸಿರು ಬಿಡುವರು. ಡ್ಯಾನ್‌ವಿಲ್‌ನಲ್ಲಿ ಒಬ್ಬರ ಗೃಹಪ್ರವೇಶ. ಸತ್ಯನಾರಾಯಣನ ಕಥೆ ನಡೆಯುತ್ತಿರುವಾಗ ಹೊರಗಿನಿಂದ ಟಕ್ ಟಕ್ ಎಂದು ತಟ್ಟುವ ಸದ್ದು. ಪುರೋಹಿತರು ಎರಡು ಸಲ ನಿಲ್ಲಿಸಿದರು. ಕಾಕಾ ಒಳಗೆ ಬಂದವರೇ ಮನೆ ಯಜಮಾನರಿಗೆ, "ಹುಟ್ಟತಾನೇ ಟೊಳ್ಳು ಅದ್ರೀ ನಿಮ್ಮನಿ. ಆದ್ರೂ ಲಕ್ಷಣ ಅದ" ಎಂದರು. ಆ ಮನೆಯವರು ಈಗಲೂ ನಮ್ಮೊಂದಿಗೆ ಅಷ್ಟಕ್ಕಷ್ಟೆ, ಕರೆದುಕೊಂಡು ಹೋದವರು ನಾವು ಎಂದು.

ಎರಡು ವರ್ಷದಲ್ಲಿ ನಮ್ಮ ಬೀದಿ ಮತ್ತು ಅಕ್ಕಪಕ್ಕದ ಬೀದಿಗಳಲ್ಲಿ ನಮ್ಮದೂ ಸೇರಿ ಹದಿನೈದು ಮನೆಗಳು ಕಾಕಾನ ಕೈಯಿಂದ ಪ್ಲಾಸ್ಟಿಕ್ಕು ಹೊದ್ದವು. ಪೇಢೆ, ಹೆಸರುಬೇಳೆ, ಪೇಢೆ, ನಿನ್ನೆಯ ಅನ್ನ. ಅಷ್ಟೂ ಮನೆಗಳು ಹಿಂದೆ ಒಂದೊಂದು ಒಂದೊಂದು ಥರ ಇದ್ದವು ಎನ್ನುವುದು ನನಗೆ ಅವು ಒಂದೇ ಥರ ಆದ ಮೇಲೆ ಹೊಳೆಯಿತು. ಬಿಸಿಲೇರಿದರೆ ಗೋಡೆಯೊಳಗೆ ಟಿಕ್ ಟಿಕ್, ಗಾಳಿ ಬೀಸಿದರೆ ಪಟಪಟ. ಕಿಟಕಿಗಳು ಗೋಡೆಯೊಳಗೆ ಹುದುಗಿ ಕಣ್ಣು ಊದಿಕೊಂಡವರ ಹಾಗೆ ಕಾಣುತ್ತಿದ್ದವು.

"ಕಾಕಾ, ನಮ್ಮ ಬೀದಿ ಈಗ ಟಿಫಿನ್ ಡಬ್ಬಿ ಅಂಗಡಿ ಥರ ಆಗೋಗಿದೆ" ಎಂದು ಒಂದು ದಿನ ಕೆಣಕಿದೆ.

"ತೊಳೀಲಿಕ್ಕೆ ಬರ್ತದಲ್ಲ" ಎಂದರು. ಆದರೆ ಎದ್ದು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ರಸ್ತೆ ನೋಡುತ್ತ ನಿಂತರು. ಚಹಾ ಆರಿ ಹೋಯಿತು.

ಮೂರನೆಯ ವರ್ಷ ದೀಪಾವಳಿಗೆ ಅಮ್ಮ ಮೈಸೂರಿನಿಂದ ಬಂದಳು. ಸೀರೆಗಳ ಮಡಿಕೆಯಲ್ಲಿ ಎರಡು ಡಜನ್ ಮಣ್ಣಿನ ಹಣತೆ ತಂದಿದ್ದಳು, ಒಂದೂ ಒಡೆದಿರಲಿಲ್ಲ. ಆ ಹೆಮ್ಮೆಗೆ ಊರಲ್ಲಿರುವ ಕನ್ನಡಿಗರನ್ನೆಲ್ಲ ಊಟಕ್ಕೆ ಕರೆದೆವು. ಕಾಕಾನಿಗೆ ಡಬಲ್ ಸಂಭ್ರಮ. ಬರುವವರಲ್ಲಿ ಇಬ್ಬರು ಓಕ್ಲೆಂಡಿನಲ್ಲೇ ಹಳೆಯ ಮನೆ ಕೊಂಡವರು, ಸೈಡಿಂಗು ಹಾಕಿಸಬೇಕೆಂದು ಬಾಯಿ ಬಿಟ್ಟವರು. ಅವತ್ತು ಕಾಕಾ ಹೊಸ ಟೈ ಕಟ್ಟಿಕೊಂಡು ಬಂದಿದ್ದರು.

ಸಂಜೆ ಅಮ್ಮ ಮುಂದಿನ ಜಗುಲಿಯ ಕಟಾಂಜನದ ಮೇಲೆ ಸಾಲಾಗಿ ಹಣತೆ ಇಟ್ಟು ಹಚ್ಚಿದಳು. ಕೊಲ್ಲಿಯ ಕಡೆಯಿಂದ ಬರುವ ಗಾಳಿ ಹಣತೆಯನ್ನು ಉರಿಯಲು ಎಲ್ಲಿ ಬಿಡುತ್ತದೆ? ಹಚ್ಚಿದ್ದೆಲ್ಲ ಆರಿತು. ಅಮ್ಮ ಇಪ್ಪತ್ತನಾಲ್ಕನ್ನೂ ಎತ್ತಿ ಗೋಡೆಯ ಬುಡಕ್ಕೆ, ಗೋಡೆಗೆ ಒತ್ತಿದ ಹಾಗೆ, ಸಾಲಾಗಿಟ್ಟು ಮತ್ತೆ ಹಚ್ಚಿದಳು. ಈಗ ಚೆನ್ನಾಗಿ ಉರಿದವು. ನಾವೆಲ್ಲ ನಿಂತು ಚೆಂದ ಅಂದರೆ ಚೆಂದ ಎಂದು ಹೊಗಳಿ ಒಳಗೆ ಹೋಗಿ ಊಟಕ್ಕೆ ಕೂತೆವು.

ಮಜ್ಜಿಗೆಯ ಜಗ್ಗು ಹಿಡಿದು ಬಡಿಸುತ್ತ ಕಾಕಾ ಆ ಇಬ್ಬರಿಗೆ ಹೇಳುತ್ತಿದ್ದರು: "ಮಳಿ ಬರಲಿ, ಬಿಸಲ ಬೀಳಲಿ, ಈ ಗೋಡಿಗೆ ಏನೂ ಆಗಂಗಿಲ್ಲ್ರೀ. ಬೇಕಾದ್ರ ಹೊರಗ ಬಂದು ತಟ್ಟಿ ನೋಡ್ರಿ." ಹಾಗೆಂದವರು ಮೂಗು ಮೇಲೆತ್ತಿದರು. ಬಾಚಣಿಗೆ ಸುಟ್ಟ ವಾಸನೆ.

ಎಲ್ಲರೂ ಎಂಜಲು ಕೈಯಲ್ಲಿ ಹೊರಗೆ ಓಡಿದೆವು. ಗೋಡೆ ಉರಿಯುತ್ತಿರಲಿಲ್ಲ. ಉರಿದಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ಅದು ಕರಗುತ್ತಿತ್ತು. ಕೆಳಗಿನ ನಾಲ್ಕು ಪಟ್ಟಿಗಳು ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಸುರುಟಿಕೊಂಡು, ಜೋತುಬಿದ್ದು, ಹಣತೆಗಳ ಕಡೆಗೇ ಬಗ್ಗುತ್ತಿದ್ದವು. ನನ್ನ ಗಂಡ ಬಗ್ಗಿ ಫೂ ಎಂದು ಊದಲು ಹೋದರು.

"ಅಯ್ಯೋ, ಬಾಯಲ್ಲಿ ಊದ್ಬೇಡಿ! ಹಬ್ಬದ ದೀಪ!" ಎಂದು ಅಮ್ಮ ಚೀರಿದಳು. "ಹಾಗೇ ಎತ್ತಿಡಿ, ಆರದ ಹಾಗೆ!"

ಮೂವತ್ತು ಜನ ವಿದ್ಯಾವಂತರು, ಅದರಲ್ಲಿ ನಾಲ್ವರು ಡಾಕ್ಟರುಗಳು, ಒಬ್ಬರೂ ಆ ಮಾತು ಮೀರಲಿಲ್ಲ. ಮನೆಯ ಗೋಡೆ ಕಣ್ಣೆದುರು ಇಳಿಯುತ್ತಿದ್ದರೆ, ಎಡಗೈಯಲ್ಲಿ ಗಾಳಿಗೆ ಅಡ್ಡ ಹಿಡಿದು, ಎಂಜಲಾದ ಬಲಗೈ ಒರೆಸಿಕೊಂಡು, ಒಂದೊಂದೇ ಹಣತೆಯನ್ನು ಭಕ್ತಿಯಿಂದ ಎತ್ತಿ ಮೆಟ್ಟಿಲ ಮೇಲೆ ಇಳಿಸಿದೆವು. ಇಪ್ಪತ್ತನಾಲ್ಕನೆಯದು ಏಳುವ ಹೊತ್ತಿಗೆ ಇನ್ನೆರಡು ಪಟ್ಟಿ ಹೋಗಿದ್ದವು. ಆಗ ಕಾಕಾ ಜಗ್ಗಿನಲ್ಲಿದ್ದ ಮಜ್ಜಿಗೆಯನ್ನು ಒಂದೇ ಏಟಿಗೆ ಗೋಡೆಗೆ ಎರಚಿದರು. ಚುಯ್ ಎಂದಿತು. ಕರಿಬೇವು, ಇಂಗು, ಕರಗಿದ ವಿನೈಲು ಎಲ್ಲ ಸೇರಿದ ಆ ಪರಿಮಳ ಯಾವ ಶತ್ರುವಿಗೂ ಬೇಡ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಕಾಕಾ ಒಬ್ಬರು ನಗಲಿಲ್ಲ. ಆ ಇಬ್ಬರು ಗಿರಾಕಿಗಳು ಚಪ್ಪಲಿ ಹುಡುಕುತ್ತಿದ್ದರು.

ಮರುದಿನ ಬೆಳಿಗ್ಗೆ ಏಳಕ್ಕೇ ನಿಚ್ಚಣಿಕೆಯ ಸದ್ದು. ಟೈ ಇರಲಿಲ್ಲ. ಕೈಯಲ್ಲಿ ಬಾಗಿದ ಕೊಕ್ಕೆಯಂಥ ಒಂದು ಸಣ್ಣ ಸಾಮಾನು. ಅದನ್ನು ಪಟ್ಟಿಯ ಸಂದಿಗೆ ಸಿಕ್ಕಿಸಿ ಎಳೆದರೆ ಗೋಡೆಯುದ್ದಕ್ಕೂ ಜಿಪ್ಪಿನಂತೆ ಬಿಚ್ಚಿಕೊಳ್ಳುತ್ತದೆ. ಕೆಟ್ಟ ಪಟ್ಟಿಗಳನ್ನು ಬಿಚ್ಚಿದರು, ಕಿಟಕಿಯವರೆಗೂ ಬಿಚ್ಚಿದರು. ನಾನು ಕಾಫಿ ಹಿಡಿದು ಹೊರಗೆ ಬಂದೆ.

ಒಳಗಿನ ಮರ ಕೆಂಪಗೆ, ಗಟ್ಟಿಯಾಗಿ ನಿಂತಿತ್ತು. ಕಿಟಕಿಯ ಮೇಲೆ ಹೂಬಳ್ಳಿ ಇದ್ದ ಜಾಗದಲ್ಲಿ ಬಳ್ಳಿಯ ಆಕಾರದ ಬೋಳು ಗುರುತು. ಸುತ್ತ ಹಳೆಯ ಹಸಿರು ಬಣ್ಣ, ನಡುವೆ ಗರಗಸದ ಹಲ್ಲಿನ ಗೀರು. ನೋಡುತ್ತಿದ್ದಂತೆ ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು.

"ಏನ್ ಕಾಕಾ ಇದು! ಇಷ್ಟು ಚೆನ್ನಾಗಿತ್ತಾ ನಮ್ಮನೆ? ನಿಮಗೆ ಗೊತ್ತಿತ್ತಲ್ವಾ? ದಿನಾ ಗೋಡೆ ತಟ್ಟಿ ತಟ್ಟಿ ಕೇಳ್ತೀರಲ್ಲ, ಒಳಗೇನಿದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗ್ಗೊತ್ತಿತ್ತು? ಒಂದ್ ಮಾತು ಹೇಳ್ಬಾರ್ದಿತ್ತಾ?"

ಅನ್ಯಾಯದ ಮಾತು. ಸಹಿ ಹಾಕಿದವಳು ನಾನು, ಒಳಗೆ ಹೋಗಿ ಕಾಫಿ ಮಾಡಿದವಳು ನಾನು. ಅವರು ಅದನ್ನು ನೆನಪಿಸಲಿಲ್ಲ. "ಗೊತ್ತಿತ್ತವಾ" ಎಂದರು, ಅಷ್ಟೆ. ಕಾಫಿ ಮುಟ್ಟಲಿಲ್ಲ. "ಶನಿವಾರ ಬರ್ತೀನಿ" ಎಂದು ಹೊರಟರು. ಇವರು ಇನ್ನು ಇತ್ತ ಬರುವುದಿಲ್ಲ, ನನ್ನ ಬಾಯಿಗೆ ಬೆಂಕಿ ಹಾಕ ಎಂದು ನಾನು ವಾರವಿಡೀ ನನ್ನನ್ನೇ ಬೈದುಕೊಂಡೆ.

ಶನಿವಾರ ಬಂದರು. ಸ್ಟೇಷನ್ ವ್ಯಾಗನ್ನಿನಿಂದ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿದರು. ಹಳೆಯ ಬೆಡ್‌ಶೀಟಿನ ಚೂರುಗಳಲ್ಲಿ ಸುತ್ತಿದ ಮರದ ತುಂಡುಗಳು: ನಮ್ಮ ಹೂಬಳ್ಳಿ, ನಮ್ಮ ಸೂರಿನ ಬಾಗಿದ ಕೈಗಳು. ಒಂದೊಂದರ ಬೆನ್ನಿನ ಮೇಲೂ ಕನ್ನಡ ಅಂಕಿ, ಪಕ್ಕದಲ್ಲಿ ಅವರ ದುಂಡನೆಯ ಅಕ್ಷರ. "ಮುಂದಿನ ಕಿಟಕಿ, ಎಡಕ್ಕೆ, ೩." "ಸೂರು, ಬಾಗಿಲ ಮ್ಯಾಲ, ೧೧."

"ಇದನ್ನೆಲ್ಲ ಇಟ್ಕೊಂಡಿದ್ರಾ?"

"ಬಿಚ್ಚಿದ್ದಕ್ಕ ನಂಬರ್ ಹಾಕಬೇಕವಾ. ಪಿಡಬ್ಲ್ಯುಡಿ ಕಲಿಸಿದ್ದು. ಕಲ್ಲಿಗೆ ನಂಬರ್ ಇಲ್ಲಂದ್ರ ಅದು ಬರೇ ಕಲ್ಲು. ನಂಬರ್ ಇತ್ತಂದ್ರ ಬಂಗಲಿ." ಮೊಳೆ ಬಾಯಲ್ಲಿಟ್ಟುಕೊಂಡು ಮೊದಲನೆಯ ತುಂಡನ್ನು ಅದರ ಗುರುತಿನ ಮೇಲೆ ಹಿಡಿದರು. ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತು. ನಾನು ಅತ್ತೆ. ಏನು ಮುಚ್ಚುಮರೆ, ಗಳಗಳ ಅತ್ತೆ.

ಐದು ಶನಿವಾರ ಹಿಡಿಯಿತು. ಪ್ಲಾಸ್ಟಿಕ್ಕೆಲ್ಲ ಇಳಿಯಿತು. ಮೂರು ಬಣ್ಣದಲ್ಲಿ ಮನೆ ಎದ್ದು ನಿಂತಾಗ ರಸ್ತೆಯಲ್ಲಿ ಹೋಗುವವರು ಕಾರು ನಿಧಾನ ಮಾಡಿ ನೋಡುತ್ತಿದ್ದರು. ನನ್ನ ಗಂಡ ಮಾತ್ರ ಇನ್ನು ಮೂರು ವರ್ಷಕ್ಕೊಮ್ಮೆ ಬಣ್ಣ ಹೊಡೆಯಲು ನಿಚ್ಚಣಿಕೆ ಹಿಡಿಯುವ ಕರ್ಮ ನನ್ನದು ಎಂದು ಗೊಣಗಿದರು, ಈಗಲೂ ಗೊಣಗುತ್ತಾರೆ. ಕೊನೆಯ ತುಂಡು ಹೊಡೆದ ದಿನ ಕಾಕಾ ಮೆಟ್ಟಿಲ ಮೇಲೆ ಕೂತು ಎದುರು ಸಾಲಿನ ಮನೆಗಳನ್ನು ನೋಡಿದರು.

"ಇನ್ನೂ ಹದಿನಾಲ್ಕು ಅದಾವ" ಎಂದರು. "ಅಷ್ಟೂ ಪೆಟಿಗಿ ನನ್ನ ಗರಾಜಿನಾಗ ಅದಾವ. ಹ್ಯಾಂಗ ಇದ್ದವೋ ಹಂಗ ಮಾಡಿ ಹೋಗ್ಬೇಕವಾ. ಇಲ್ಲಂದ್ರ ನನಗ ಸಮಾಧಾನ ಇಲ್ಲ."

ಆಮೇಲೆ ಅವರು ಸೈಡಿಂಗು ಮಾರಿದ್ದು ಒಂದು ತಿಂಗಳು. ಅದನ್ನು ಮಾರುವುದು ಎನ್ನಲಾದೀತೆ? ಸಾರು ಸುರಿಯುವರು, ಒರೆಸಿ ತೋರಿಸುವರು, ಕಲೆ ಇಲ್ಲ ಎನ್ನುವರು, ಆಮೇಲೆ ಪೆಟ್ಟಿಗೆ ಮುಚ್ಚಿ, "ಆದ್ರ ನೀವು ಹಾಕಿಸಬ್ಯಾಡ್ರಿ" ಎನ್ನುವರು. ಕಂಪನಿಯವರು ಮನೆಗೆ ಕಳಿಸಿದರು. ಅವರು ಬಣ್ಣ ಹೊಡೆಯುವ, ಹಳೆಯ ಮರಗೆಲಸ ರಿಪೇರಿ ಮಾಡುವ ಕೆಲಸ ಹಿಡಿದರು. ಟೈ ಮತ್ತೆ ಸ್ವೆಟರಿನ ಮೇಲೆ ಬಂತು. ಟೈಯ ತುದಿ ಡಬ್ಬಿಯಲ್ಲಿ ಅದ್ದಿ ಅದ್ದಿ, ಈಚೆಗೆ ಯಾವ ಮನೆಗೆ ಯಾವ ಬಣ್ಣ ಹೊಡೆದಿದ್ದಾರೆಂದು ಅದನ್ನು ನೋಡಿಯೇ ಹೇಳಬಹುದಾಗಿತ್ತು.

ಆ ಹದಿನಾಲ್ಕು ಮನೆಗಳ ಸುದ್ದಿಯನ್ನು ನಾನು ಒಂದೇ ಸಲ ಕೇಳಿದೆ. "ಹೋಗಿದ್ದೆ. ಯಾರಿಗೂ ಬ್ಯಾಡಂತ. ಗಟ್ಟಿ ಇರೋದನ್ನ ಯಾಕ ಬಿಚ್ಚತಿ ಅಂತಾರ" ಎಂದು ಚಟ್ನಿಪುಡಿಯ ಡಬ್ಬಿ ಮುಂದಿಟ್ಟರು. ಅಲ್ಲಿಗೆ ಮರೆತರು ಎಂದುಕೊಂಡೆ. ಅವರ ಮೇಲೆ ಎಷ್ಟು ಹಗುರವಾಗಿ ತೀರ್ಮಾನ ಮಾಡಿದೆ ಎಂದು ಈಗ ನಾಚಿಕೆಯಾಗುತ್ತದೆ.

ಕಾಕಾನ ಮಗಳಿಗೆ ಈಗ ಇಪ್ಪತ್ತೆರಡು. ಮಾರ್ಗನ್ ಹಿಲ್‌ನಲ್ಲಿ ಅಪಾರ್ಟ್‌ಮೆಂಟು, ಸ್ಯಾನ್ ಹೋಸೆಯಲ್ಲಿ ಕೆಲಸ. ಕಾಕಾ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹದಿನೈದು ದಿನದ ಮೇಲೆ ಅವಳು ಫೋನ್ ಮಾಡಿದಳು. ಅಪ್ಪನ ಬಾಡಿಗೆ ಗರಾಜು ಖಾಲಿ ಮಾಡಬೇಕು, ಏನೋ ಪೆಟ್ಟಿಗೆಗಳಿವೆ, ಎಲ್ಲದರ ಮೇಲೂ ಕನ್ನಡದಲ್ಲಿ ಬರೆದಿದೆ, ನನಗೆ ಓದಲು ಮರೆತುಹೋಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಹದಿನಾಲ್ಕು ಪೆಟ್ಟಿಗೆಗಳನ್ನು ಗೋಡೆಯುದ್ದಕ್ಕೂ ಸಾಲಾಗಿಟ್ಟಿದ್ದರು. ಮೇಲ್ಗಡೆ ಮನೆಯ ನಂಬರು, ಬೀದಿ. ಪಕ್ಕದಲ್ಲಿ ನಾಲ್ಕು ಸಾಲುಗಳು, ಒಂದು ನೀಲಿ ಶಾಯಿ, ಒಂದು ಕಪ್ಪು, ಒಂದು ಕೆಂಪು, ಒಂದು ಪೆನ್ಸಿಲು. ನಾಲ್ಕು ವರ್ಷದ ನಾಲ್ಕು ಸಾಲು. ನಾನು ಗಟ್ಟಿಯಾಗಿ ಓದತೊಡಗಿದೆ. "ಕೇಳಿದೆ. ಬ್ಯಾಡ ಅಂದ್ರು. ಕೇಳಿದೆ. ಬ್ಯಾಡ ಅಂದ್ರು." ಮುಂದಿನ ಪೆಟ್ಟಿಗೆ: "ಕೇಳಿದೆ. ಬಾಗಿಲಾ ತಗೀಲಿಲ್ಲ." ಅದರ ಮುಂದಿನದು: "ಕೇಳಿದೆ. ನಾಯಿ ಬಿಟ್ರು." ಅದರ ಕೆಳಗಿನ ಸಾಲು, ಮರುವರ್ಷದ್ದು: "ಕೇಳಿದೆ. ಮತ್ತ ನಾಯಿ ಬಿಟ್ರು."

ನಾವಿಬ್ಬರೂ ನಕ್ಕೆವು. ನಗುತ್ತ ನಗುತ್ತ ಅವಳು ಪೆಟ್ಟಿಗೆಯ ಮೇಲೆ ಕೂತು ಮುಖ ಮುಚ್ಚಿಕೊಂಡಳು. ನಾನು ಉಳಿದವನ್ನೂ ಓದಿದೆ. ಹದಿನಾಲ್ಕು ಪೆಟ್ಟಿಗೆ, ಐವತ್ತಾರು ಸಲ ಕೇಳಿದ್ದರು ಕಾಕಾ. ಟೈ ಕಟ್ಟಿಕೊಂಡೇ ಹೋಗಿರುತ್ತಾರೆ.

ಅವಳು ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಕೇಳೋಣೇನು ಆಂಟಿ?" ಎಂದಳು. ಅಪ್ಪನದೇ ಧಾಟಿಯ ಕನ್ನಡ.

ಮೊದಲು ಹೋದದ್ದು ಮೂಲೆಮನೆಗೆ. ಆ ಪೆಟ್ಟಿಗೆಯ ಮೇಲೆ ನಾಲ್ಕೂ ಸಾಲು ಒಂದೇ: "ಕೇಳಿದೆ. ಚಹಾ ಕೊಟ್ರು. ಬ್ಯಾಡ ಅಂದ್ರು." ಅಲ್ಲಿರುವುದು ಒಬ್ಬ ಪೋರ್ಚುಗೀಸ್ ಅಜ್ಜಿ, ನನಗೆ ಮುಖಪರಿಚಯ ಅಷ್ಟೆ. ಬಾಗಿಲು ತೆರೆದವಳು ಪೆಟ್ಟಿಗೆ ನೋಡಿದಳು, ಆಮೇಲೆ ನಮ್ಮ ಭುಜದಾಚೆ ರಸ್ತೆಯ ಕಡೆ ನೋಡಿದಳು. "ಅವರೆಲ್ಲಿ? ಈ ವರ್ಷ ತಡವಾಯಿತಲ್ಲ, ನಾನು ಕಾಯುತ್ತಿದ್ದೆ" ಎಂದಳು.

ಮಗಳು ಹೇಳಿದಳು. ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಪೆಟ್ಟಿಗೆಯಿಂದ ಒಂದು ತುಂಡು ತೆಗೆದು, ಬಟ್ಟೆ ಬಿಚ್ಚಿ, ಅಂಗೈಯಲ್ಲಿ ತಿರುಗಿಸಿ ನೋಡಿದಳು. ತನ್ನ ಗಂಡ ಬದುಕಿದ್ದಾಗ ಹಾಕಿಸಿದ್ದು, ತೆಗೆಸಲು ಮನಸ್ಸು ಬರುತ್ತಿರಲಿಲ್ಲ ಎಂದಳು. "ಎಷ್ಟು ದಿನದ ಕೆಲಸ?"

"ನಮಗೆ ಗೊತ್ತಿಲ್ಲ" ಎಂದಳು ಮಗಳು. "ಕಲಿತುಕೊಂಡು ಬರುತ್ತೇವೆ."

"ಹಾಗಾದರೆ ಬನ್ನಿ" ಎಂದಳು ಅಜ್ಜಿ.

ಮೆಟ್ಟಿಲಿಳಿದು ಬಂದ ಮೇಲೆ ಮಗಳು ಪೆಟ್ಟಿಗೆಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ನನ್ನ ಬ್ಯಾಗಿನಿಂದ ಪೆನ್ನು ಇಸಿದುಕೊಂಡಳು. ಒಂದೊಂದು ಅಕ್ಷರವನ್ನೂ ನನ್ನ ಅಂಗೈ ಮೇಲೆ ಬರೆಸಿಕೊಂಡು, ನೋಡಿ ನೋಡಿ, ಒತ್ತಿ ಒತ್ತಿ, ಅಪ್ಪನ ನಾಲ್ಕು ಸಾಲಿನ ಕೆಳಗೆ ಐದನೆಯದನ್ನು ತಾನೇ ಬರೆದಳು: "ಕೇಳಿದಿವಿ. ಹೂಂ ಅಂದ್ರು."